ಕಾಣದಿರುವುದರ ಪ್ರಾಮಾಣ್ಯ

ಮನುಷ್ಯನು ತನ್ನ ಬರಹವನ್ನಾಗಲಿ, ಲೆಕ್ಕಪತ್ರಗಳನ್ನಾಗಲಿ, ಅಗಲಿದ ಹಿರಿಯರ ಭಾವಚಿತ್ರಗಳನ್ನಾಗಲಿ, ಕಡತಗಳನ್ನು ಕಿರಿದುಮಾಡುವ ಒಂದು ತಂತ್ರಾಂಶದ ವಶಕ್ಕೆ ಒಪ್ಪಿಸುವಾಗ ನಡೆಯುವ ವ್ಯವಹಾರವನ್ನು ಸಾವಧಾನವಾಗಿ ವಿಚಾರಿಸಿ ನೋಡಿದರೆ, ಅದರೊಳಗೆ ಅಡಗಿರುವ ಶ್ರದ್ಧೆ ಎಷ್ಟು ದೊಡ್ಡದೆಂಬುದು ಮನಸ್ಸಿಗೆ ಬರುತ್ತದೆ. ಬಿಜಿಪ್2 ಎಂಬ ಪ್ರಸಿದ್ಧ ಮುಕ್ತ ತಂತ್ರಾಂಶವನ್ನೇ ತೆಗೆದುಕೊಳ್ಳೋಣ. ಅದು ನಮ್ಮ ಕಡತವನ್ನು ಆದ್ಯಂತ ಓದಿ, ಯಾವ ಮನುಷ್ಯನೂ ಕಣ್ಣಿಂದ ನೋಡಿ ತಿಳಿಯಲಾರದ ಅಂಕೆಗಳ ರಾಶಿಯನ್ನಾಗಿ ಅದನ್ನು ಮಾರ್ಪಡಿಸಿ, ಆ ರಾಶಿಗೆ ಹೊಸ ಹೆಸರಿಟ್ಟು, ನಾವು ಬೇರೆ ಆಜ್ಞೆಯನ್ನು ಕೊಡದಿದ್ದ ಪಕ್ಷದಲ್ಲಿ ಮೂಲವನ್ನು ಅಳಿಸಿಬಿಡುತ್ತದೆ. ಆಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಒಂದು ವಾಗ್ದಾನ ಮಾತ್ರ: ನೀನು ಕೇಳಿದಾಗ, ಕೊಟ್ಟದ್ದನ್ನು ಒಂದಕ್ಷರವೂ ಲೋಪವಾಗದಂತೆ ಹಿಂದಿರುಗಿಸುವೆನು ಎಂಬ ವಾಗ್ದಾನ.

ಇದನ್ನು ನಂಬುವುದಕ್ಕೆ ಆಧಾರವೇನೆಂದು ಬಲ್ಲವರನ್ನು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಹೀಗಿರುತ್ತದೆ. ಈ ತಂತ್ರಾಂಶದ ಸೋರ್ಸ್ ಕೋಡ್ ಗುಟ್ಟಾಗಿಟ್ಟದ್ದಲ್ಲ, ಯಾರು ಬೇಕಾದರೂ ತರಿಸಿ ಓದಬಹುದು, ತಿದ್ದಬಹುದು, ತಮ್ಮ ಯಂತ್ರದಲ್ಲಿಯೇ ಕಟ್ಟಿಕೊಳ್ಳಬಹುದು, ಲೋಕದಲ್ಲೆಲ್ಲ ಎಷ್ಟೋ ಮಂದಿ ಇದನ್ನು ಬಳಸುತ್ತಿದ್ದಾರೆ, ಇದರಲ್ಲಿ ದೋಷವೋ ವಂಚನೆಯೋ ಇದ್ದುದಾದರೆ ಇಷ್ಟು ಹೊತ್ತಿಗೆ ಯಾರ ಕಣ್ಣಿಗಾದರೂ ಬೀಳುತ್ತಿತ್ತು, ಬಿದ್ದಿಲ್ಲ, ಆದುದರಿಂದ ಇಲ್ಲ. ಈ ವಾದದ ಭಾರವೆಲ್ಲ ನಿಂತಿರುವುದು ಕೊನೆಯ ಎರಡು ಮಾತುಗಳ ನಡುವಣ ಸಂದಿನಲ್ಲಿ. ಕಂಡಿಲ್ಲ ಎಂಬುದರಿಂದ ಇಲ್ಲ ಎಂಬುದಕ್ಕೆ ದಾಟುವ ಹಕ್ಕು ನಮಗೆ ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ?

ಈ ಪ್ರಶ್ನೆ ನಮ್ಮ ದಾರ್ಶನಿಕರಿಗೆ ಅತ್ಯಂತ ಪರಿಚಿತವಾದದ್ದು. ಒಂದು ವಸ್ತು ಇಲ್ಲವೆಂಬ ತಿಳಿವು ಎಲ್ಲಿಂದ ಹುಟ್ಟುತ್ತದೆಯೆಂಬ ವಿಚಾರದಲ್ಲಿ ಅವರೊಳಗೆ ದೀರ್ಘವಾದ ವಿವಾದವೇ ನಡೆದಿದೆ. ಕುಮಾರಿಲಭಟ್ಟನ ಮತದ ಮೀಮಾಂಸಕರೂ ಅವರನ್ನನುಸರಿಸಿ ಅದ್ವೈತಿಗಳೂ ಅನುಪಲಬ್ಧಿಯನ್ನು, ಎಂದರೆ ಕಾಣದಿರುವಿಕೆಯನ್ನು, ಆರನೆಯದಾದ ಸ್ವತಂತ್ರ ಪ್ರಮಾಣವೆಂದು ಎಣಿಸಿದರು. ಪ್ರಾಭಾಕರರು ಅದನ್ನು ಒಪ್ಪಲಿಲ್ಲ. ನೈಯಾಯಿಕರು ಅದು ಪ್ರತ್ಯಕ್ಷಕ್ಕೆ ಸಹಕಾರಿಯೇ ಹೊರತು ಬೇರೆ ಪ್ರಮಾಣವಲ್ಲವೆಂದರು. ಆದರೆ ಕಾಣದಿರುವಿಕೆಗೆ ಬೆಲೆ ಬರಬೇಕಾದರೆ ಅದು ಯೋಗ್ಯವಾದ ಕಾಣದಿರುವಿಕೆಯಾಗಿರಬೇಕೆಂಬ ನಿಬಂಧನೆ ಈ ಕಲಹದ ನಡುವೆಯೂ ನೆಲೆಯಾಗಿ ನಿಂತಿತು. ಬೆಳಕಿರುವ ಕೋಣೆಯಲ್ಲಿ, ಕಣ್ಣು ನೆಟ್ಟಗಿರುವವನೊಬ್ಬನು ನೆಲವನ್ನು ನೋಡಿ ಗಡಿಗೆ ಕಾಣಲಿಲ್ಲವೆಂದರೆ ಗಡಿಗೆ ಇಲ್ಲವೆಂದೇ ಅರ್ಥ; ಏಕೆಂದರೆ ಇದ್ದಿದ್ದರೆ ಕಾಣುತ್ತಿತ್ತು. ಕತ್ತಲೆಯ ಕೋಣೆಯಲ್ಲಿ ನಿಂತು ಅದೇ ಮಾತನ್ನು ಆಡಿದರೆ ಅದರಿಂದ ಗಡಿಗೆಯ ವಿಷಯ ಏನೂ ತಿಳಿಯುವುದಿಲ್ಲ, ಕತ್ತಲೆಯ ವಿಷಯ ಮಾತ್ರ ತಿಳಿಯುತ್ತದೆ.

ಈ ನಿಬಂಧನೆಯನ್ನು ಅತ್ಯಂತ ಗಂಭೀರವಾದ ಸಂದರ್ಭದಲ್ಲಿ ಪ್ರಯೋಗಿಸಿದವನು ಸುಮಾರು ಸಾವಿರ ವರ್ಷಗಳ ಹಿಂದೆ ಮಿಥಿಲೆಯಲ್ಲಿ ಬಾಳಿದ ಉದಯನಾಚಾರ್ಯ. ಈಶ್ವರನು ಯಾರಿಗೂ ಕಾಣನು, ಆದುದರಿಂದ ಇಲ್ಲ ಎಂದ ನಿರೀಶ್ವರವಾದಿಗಳಿಗೆ ಅವನು ತನ್ನ ನ್ಯಾಯಕುಸುಮಾಂಜಲಿಯ ಮೂರನೆಯ ಸ್ತಬಕದಲ್ಲಿ ಕೊಟ್ಟ ಉತ್ತರದ ಸಾರ ಇಷ್ಟು: ಕಾಣಲು ಯೋಗ್ಯವಾದದ್ದು ಕಾಣದಿದ್ದರೆ ಅದರ ಅಭಾವ ಸಿದ್ಧವಾಗುತ್ತದೆ, ಸ್ವಭಾವತಃ ಇಂದ್ರಿಯಕ್ಕೆ ನಿಲುಕದ್ದು ಕಾಣದಿದ್ದರೆ ಯಾವುದೂ ಸಿದ್ಧವಾಗುವುದಿಲ್ಲ. ಇಲ್ಲಿ ಉದಯನನ ಪ್ರಾಮಾಣಿಕತೆಯನ್ನು ನಾನು ಬಹುವಾಗಿ ಗೌರವಿಸುತ್ತೇನೆ. ಎದುರಾಳಿಯ ವಾದ ಬಿದ್ದುಹೋದ ಮಾತ್ರಕ್ಕೆ ತನ್ನ ಪಕ್ಷ ನಿಂತಿತೆಂದು ಅವನು ಭಾವಿಸಲಿಲ್ಲ. ಈಶ್ವರನಿದ್ದಾನೆಂಬುದಕ್ಕೆ ಬೇರೆ ಅನುಮಾನಗಳನ್ನು ಒದಗಿಸುವ ಹೊಣೆಯನ್ನು ತಾನೇ ಹೊತ್ತು, ಐದನೆಯ ಸ್ತಬಕವನ್ನು ಅದಕ್ಕಾಗಿ ಮೀಸಲಿಟ್ಟನು. ಕತ್ತಲೆ ಯಾರ ಪಕ್ಷಕ್ಕೂ ಸಾಕ್ಷಿಯಲ್ಲವೆಂಬ ನಿಯಮವನ್ನು ತನಗೂ ಅನ್ವಯಿಸಿಕೊಂಡದ್ದು ಅವನ ದೊಡ್ಡಸ್ತಿಕೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ತಂತ್ರಾಂಶದ ಬಳಿಗೆ ಮರಳೋಣ. ಮಾತಿನಲ್ಲಿ ಪುನರುಕ್ತಿ ಎಷ್ಟಿದೆ, ಅದನ್ನು ಕಳೆದರೆ ಉಳಿಯುವ ಸಾರವೆಷ್ಟು ಎಂಬುದನ್ನು ಗಣಿತದಿಂದ ಅಳೆಯಬಹುದೆಂದು ಕ್ಲಾಡ್ ಶ್ಯಾನನ್ 1948ರಲ್ಲಿ ತೋರಿಸಿಕೊಟ್ಟನು. ಹೆಚ್ಚಾಗಿ ಬರುವ ಅಕ್ಷರಕ್ಕೆ ಗಿಡ್ಡ ಸಂಕೇತವನ್ನೂ ಅಪರೂಪದ ಅಕ್ಷರಕ್ಕೆ ಉದ್ದನೆಯ ಸಂಕೇತವನ್ನೂ ಕೊಡುವ ಅತ್ಯುತ್ತಮವಾದ ಕ್ರಮವನ್ನು ಡೇವಿಡ್ ಹಫ್‌ಮನ್ 1952ರಲ್ಲಿ ಪ್ರಕಟಿಸಿದನು. ಇವೆರಡಕ್ಕಿಂತಲೂ ನನ್ನನ್ನು ಸೆಳೆಯುವುದು 1994ರಲ್ಲಿ ಮೈಕೇಲ್ ಬರೋಸ್ ಮತ್ತು ಡೇವಿಡ್ ವೀಲರ್ ಎಂಬ ಇಬ್ಬರು ಹೊರಗೆಡಹಿದ ಉಪಾಯ. ಬರಹದ ಒಂದು ಖಂಡವನ್ನು ತೆಗೆದುಕೊಂಡು, ಅದನ್ನು ಒಂದೊಂದಕ್ಷರದಷ್ಟು ಚಕ್ರಾಕಾರವಾಗಿ ತಿರುಗಿಸುವುದರಿಂದ ಬರುವ ಎಲ್ಲ ಸಾಲುಗಳನ್ನೂ ಅಕಾರಾದಿಯಾಗಿ ಜೋಡಿಸಿ, ಹಾಗೆ ಜೋಡಿಸಿದ ಸಾಲುಗಳ ಕಟ್ಟಕಡೆಯ ಅಕ್ಷರಗಳನ್ನು ಮಾತ್ರ ಮೇಲಿಂದ ಕೆಳಕ್ಕೆ ಆಯ್ದುಕೊಂಡರೆ, ಸಮಾನವಾದ ಅಕ್ಷರಗಳು ತಾವಾಗಿಯೇ ಒತ್ತಟ್ಟಿಗೆ ಸೇರಿ ಸಂಕೋಚನಕ್ಕೆ ಸುಲಭವಾಗುತ್ತವೆ. ನೋಡುವವರಿಗೆ ಬರಹವು ಸಂಪೂರ್ಣವಾಗಿ ಚೆದರಿಹೋದಂತೆ ಕಾಣುತ್ತದೆ. ಆದರೂ ಆ ಕಡೆಯ ಅಕ್ಷರಗಳ ಸಾಲಿನಿಂದಲೂ ಮೂಲದ ಸಾಲು ಎಷ್ಟನೆಯದೆಂಬ ಒಂದೇ ಸಂಖ್ಯೆಯಿಂದಲೂ ಇಡೀ ಖಂಡವನ್ನು ಯಥಾವತ್ತಾಗಿ ಮರಳಿ ಪಡೆಯಬಹುದು. ಈ ಉಪಾಯವನ್ನು ಆಧಾರವಾಗಿಟ್ಟುಕೊಂಡು ಜೂಲಿಯನ್ ಸೀವರ್ಡ್ ಎಂಬಾತನು 1996ರಲ್ಲಿ ಬಿಜಿಪ್2 ತಂತ್ರಾಂಶವನ್ನು ರಚಿಸಿ ಲೋಕಕ್ಕೆ ಬಿಟ್ಟುಕೊಟ್ಟನು. ಅದು ಕಡತವನ್ನು ಹೆಚ್ಚೆಂದರೆ 9 ಲಕ್ಷ ಬೈಟ್‌ಗಳ ಖಂಡಗಳನ್ನಾಗಿ ಒಡೆದು, ಪ್ರತಿ ಖಂಡದ ಮೊದಲಲ್ಲಿಯೂ 314159265359 ಎಂಬ ಅಂಕೆಗಳನ್ನು ಗುರುತಾಗಿ ಇಡುತ್ತದೆ. ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಅನುಪಾತದ ಅಂಕೆಗಳೇ ಅವು. ಕಡತವು ಕೆಟ್ಟುಹೋದರೆ ಬಿಜಿಪ್2ರ ಜೊತೆಗೆ ಬರುವ ಇನ್ನೊಂದು ಚಿಕ್ಕ ತಂತ್ರಾಂಶ ಈ ಗುರುತನ್ನು ಹುಡುಕಿಕೊಂಡು ಹೋಗಿ, ಕೆಡದೆ ಉಳಿದ ಖಂಡಗಳನ್ನು ಬೇರ್ಪಡಿಸಿ ಕೊಡುತ್ತದೆ.

ಸೋರ್ಸ್ ಕೋಡ್ ತರಿಸಿಕೊಂಡು ಇದನ್ನು ಕಟ್ಟುವುದು ಪ್ರಯಾಸದ ಕೆಲಸವೇನೂ ಅಲ್ಲ. ಸಿ ಭಾಷೆಯಲ್ಲಿರುವ ಕೆಲವೇ ಕಡತಗಳು. ಕಂಪೈಲರ್ ಇರುವ ಯಂತ್ರದಲ್ಲಿ ಮೇಕ್ ಎಂಬ ಒಂದು ಆಜ್ಞೆಯನ್ನು ಕೊಟ್ಟರೆ ಅವು ಸಿದ್ಧವಾದ ತಂತ್ರಾಂಶವಾಗುತ್ತವೆ. ಸಿದ್ಧವಾದ ಕೂಡಲೇ ಅದು ತನ್ನ ಜೊತೆಗೆ ಬಂದ ಮೂರು ಮಾದರಿ ಕಡತಗಳನ್ನು ಕಿರಿದುಮಾಡಿ, ಮತ್ತೆ ಬಿಡಿಸಿ, ಎರಡು ದಿಕ್ಕಿನಲ್ಲಿಯೂ ಬರಬೇಕಾದ ಫಲವೇ ಬಂದಿದೆಯೆ ಎಂದು ಬೈಟಿಗೆ ಬೈಟು ಹೋಲಿಸಿ ನೋಡುತ್ತದೆ. ಇಷ್ಟೂ ಕೆಲಸವನ್ನು ಸಾಧಾರಣ ಬಳಕೆದಾರನ ಅಧಿಕಾರದಲ್ಲಿಯೇ ಮಾಡತಕ್ಕದ್ದು. ಯಂತ್ರದ ಸರ್ವಾಧಿಕಾರವಾದ ರೂಟ್ ಅನ್ನು ಪರೀಕ್ಷೆ ಮುಗಿಯುವ ತನಕ ಯಾವ ಹೊಸಬನ ಕೈಗೂ ಕೊಡಬಾರದು. ಪ್ರತಿ ಖಂಡದ ಜೊತೆಗೂ 32 ಬಿಟ್‌ಗಳ ಒಂದು ತಾಳೆಸಂಖ್ಯೆ ಇರುವುದರಿಂದ, ಆಕಸ್ಮಿಕವಾಗಿ ಕೆಟ್ಟ ಕಡತವೊಂದು ಕಣ್ತಪ್ಪಿಸಿ ಹೋಗುವ ಸಂಭವ ಸುಮಾರು 400 ಕೋಟಿಗೆ ಒಂದು. ಆದರೆ ಈ ತಾಳೆ ನೋಡುವುದು ಬಿಡಿಸುವ ಹೊತ್ತಿನಲ್ಲಿ. ಕೆಟ್ಟಿದೆಯೆಂದು ಅದು ಹೇಳಬಲ್ಲದು, ಕೆಟ್ಟದ್ದನ್ನು ಸರಿಮಾಡಲಾರದು. ಆದುದರಿಂದ ಮೂಲವನ್ನು ಅಳಿಸದಂತೆ ಆಜ್ಞೆ ಕೊಟ್ಟು ಕಿರಿದುಮಾಡಿ, ಕಿರಿದಾದದ್ದನ್ನು ಪರೀಕ್ಷೆಯ ಆಜ್ಞೆಯಿಂದ ಒಮ್ಮೆ ಪರೀಕ್ಷಿಸಿ, ಆಮೇಲೆ ಮೂಲದ ಗತಿಯನ್ನು ತೀರ್ಮಾನಿಸುವುದು ವಿವೇಕಿಗಳ ಕ್ರಮ.

ಜ್ಞಾನವು ಸಫಲವಾದ ಪ್ರವೃತ್ತಿಗೆ ಕಾರಣವಾಗುವುದರಿಂದ ಅದರ ಪ್ರಾಮಾಣ್ಯ ತಿಳಿಯುತ್ತದೆಯೆಂದು ವಾತ್ಸ್ಯಾಯನನು ನ್ಯಾಯಭಾಷ್ಯದ ಮೊದಲಿನಲ್ಲಿಯೇ ಹೇಳಿದ್ದಾನಷ್ಟೆ. ಮೂರು ಮಾದರಿಗಳ ಪರೀಕ್ಷೆ ಈ ನ್ಯಾಯಮತಕ್ಕೆ ಒಪ್ಪುವಂಥದು: ಪ್ರಾಮಾಣ್ಯವು ಹೊರಗಿನಿಂದ, ಮತ್ತೊಂದು ಜ್ಞಾನದಿಂದ ಬರಬೇಕು. ಮೀಮಾಂಸಕನು ಇಲ್ಲಿ ಅಡ್ಡಬರುತ್ತಾನೆ. ಪರೀಕ್ಷೆ ಗೆದ್ದಿತೆಂಬುದೂ ಒಂದು ಜ್ಞಾನವೇ ಅಲ್ಲವೆ? ಅದನ್ನು ದೃಢಪಡಿಸಲು ಮತ್ತೊಂದು, ಅದಕ್ಕೆ ಮಗದೊಂದು ಬೇಕಾಗಿ ಅನವಸ್ಥೆಯುಂಟಾಗುವುದರಿಂದ, ಜ್ಞಾನವು ತನ್ನಷ್ಟಕ್ಕೇ ಪ್ರಮಾಣ, ಬಾಧಕವು ತೋರಿದಾಗ ಮಾತ್ರ ಅದನ್ನು ಕೈಬಿಡಬೇಕು ಎಂಬುದು ಅವನ ನಿಲುವು. ಸಂಶಯ ಬಂದಾಗಲೂ ಮೂರು ನಾಲ್ಕು ಜ್ಞಾನಗಳ ತನಕ ವಿಚಾರಿಸಿದರೆ ಸಾಕು, ಅದರಾಚೆಗೆ ಬೇಡವೆಂದು ಕುಮಾರಿಲನು ಎಲ್ಲೆಯನ್ನೂ ಹಾಕಿದ್ದಾನೆ. ನಮ್ಮ ನಾಡಿನಲ್ಲಿ, ವಿಜಯನಗರದ ಕಾಲದಲ್ಲಿ, ವ್ಯಾಸತೀರ್ಥರು ತಮ್ಮ ತರ್ಕತಾಂಡವದಲ್ಲಿ ನೈಯಾಯಿಕರೊಡನೆ ಇದೇ ಪ್ರಾಮಾಣ್ಯವಾದವನ್ನು ಎತ್ತಿಕೊಂಡು, ಜ್ಞಾನದ ಪ್ರಾಮಾಣ್ಯವನ್ನು ಗ್ರಹಿಸುವುದು ಆತ್ಮಸ್ವರೂಪವಾದ ಸಾಕ್ಷಿಯೆಂಬ ಮಾಧ್ವಸಿದ್ಧಾಂತವನ್ನು ಸಮರ್ಥಿಸಿದರು. ಪರೀಕ್ಷೆಗಳ ಸರಪಣಿ ಎಷ್ಟೇ ಉದ್ದವಾದರೂ ಅದು ಕೊನೆಗೊಳ್ಳುವುದು ಎಚ್ಚರವಾಗಿರುವ ಒಬ್ಬ ತಿಳಿಯುವವನಲ್ಲಿಯೇ ಎಂಬ ಆ ಮಾತಿನ ತೂಕ ಮುಂದೆ ತಿಳಿದುಬರುತ್ತದೆ.

ಅನವಸ್ಥೆ ಶಾಸ್ತ್ರಿಗಳ ಕಲ್ಪನೆಯಲ್ಲವೆಂಬುದನ್ನು ಕೆನ್ ಥಾಂಪ್ಸನ್ ತೋರಿಸಿಕೊಟ್ಟನು. ಯೂನಿಕ್ಸ್ ವ್ಯವಸ್ಥೆಯ ಕರ್ತೃಗಳಲ್ಲಿ ಒಬ್ಬನಾದ ಈತನು ಟ್ಯೂರಿಂಗ್ ಪ್ರಶಸ್ತಿಯನ್ನು ಸ್ವೀಕರಿಸಿದಾಗ ಮಾಡಿದ ಉಪನ್ಯಾಸ 1984ರಲ್ಲಿ ಅಚ್ಚಾಯಿತು. ಒಂದು ಕಂಪೈಲರ್‌ನೊಳಗೆ ಕಪಟವನ್ನು ಹೂಡಬಹುದು; ಲಾಗಿನ್ ತಂತ್ರಾಂಶವನ್ನು ಕಟ್ಟುವಾಗ ಅದು ಅದರಲ್ಲಿ ಗುಪ್ತದ್ವಾರವನ್ನು ಸೇರಿಸುತ್ತದೆ; ಕಂಪೈಲರನ್ನೇ ಮತ್ತೆ ಕಟ್ಟುವಾಗ ಆ ಕಪಟವನ್ನು ಹೊಸ ಕಂಪೈಲರಿಗೂ ದಾಟಿಸುತ್ತದೆ; ಒಮ್ಮೆ ಹೀಗಾದ ಮೇಲೆ ಸೋರ್ಸ್ ಕೋಡಿನಿಂದ ಅದರ ಕುರುಹನ್ನು ಪೂರ್ತಿಯಾಗಿ ಅಳಿಸಿಬಿಡಬಹುದು. ಓದುವವನು ಪ್ರತಿಯೊಂದು ಪಂಕ್ತಿಯನ್ನು ಓದಿದರೂ ಏನೂ ಕಾಣುವುದಿಲ್ಲ, ಆದರೂ ಕಪಟವಿದೆ. ಬಿಜಿಪ್2ರ ಅನುಭವ ಇದಕ್ಕಿಂತಲೂ ಕೆಳಗಿನ ಪದರವನ್ನು ಮುಟ್ಟುತ್ತದೆ. ಅದರಲ್ಲಿ 1007 ಎಂಬ ಸಂಖ್ಯೆಯ ಒಂದು ಆಂತರಿಕ ದೋಷಸೂಚನೆಯಿದೆ. ಅದು ಬಂದಾಗ ತಪ್ಪು ಬಹುಮಟ್ಟಿಗೆ ತಂತ್ರಾಂಶದಲ್ಲಿಲ್ಲ, ಯಂತ್ರದ ಮೆಮೊರಿಯ ಬಿಲ್ಲೆಯಲ್ಲಿರಬಹುದು, ಅದನ್ನು ಪರೀಕ್ಷಿಸಿ ಎಂದು ಸೀವರ್ಡನು ಸೂಚನೆಯಲ್ಲಿಯೇ ಬರೆದಿಟ್ಟಿದ್ದಾನೆ. ಸಂಶಯವು ಬರಹದಿಂದ ಕಂಪೈಲರಿಗೂ ಅಲ್ಲಿಂದ ಜಡವಸ್ತುವಿಗೂ ಇಳಿಯಬಲ್ಲದು. ಉದಯನನು ಹೇಳುವಂತೆ, ನಮ್ಮ ನಡತೆಗೇ ವಿರುದ್ಧವಾಗುವ ತನಕ ಮಾತ್ರ ಸಂಶಯಕ್ಕೆ ಎಡೆಯಿದೆ. ಆ ಬಳಿಕ ಅದು ಮಾತಾಗಿ ಉಳಿಯುತ್ತದೆಯೇ ಹೊರತು ಸಂಶಯವಾಗಿ ಉಳಿಯುವುದಿಲ್ಲ. ಥಾಂಪ್ಸನನ ಕತ್ತಲೆಗೂ ಆಮೇಲೆ ದೀಪ ಹಚ್ಚಿದವರುಂಟು: ಬೇರೆಯವರು ಬೇರೆಯಾಗಿ ರಚಿಸಿದ ಎರಡನೆಯ ಕಂಪೈಲರಿನಿಂದ ಮೊದಲನೆಯದನ್ನು ಕಟ್ಟಿ ಫಲಗಳನ್ನು ಹೋಲಿಸುವ ಕ್ರಮವನ್ನು ಡೇವಿಡ್ ಎ. ವೀಲರ್ ತನ್ನ 2009ರ ಸಂಶೋಧನ ಪ್ರಬಂಧದಲ್ಲಿ ವಿಸ್ತರಿಸಿದನು. ಸಂಕೋಚನದ ಉಪಾಯವನ್ನು ಕಂಡ ವೀಲರನೇ ಬೇರೆ, ಈತನೇ ಬೇರೆ.

ಇನ್ನು ನನ್ನ ಚಿಂತನೆಗೆ ನಿಜವಾದ ಕಾರಣವಾದ ಘಟನೆಗೆ ಬರುತ್ತೇನೆ. ಎಕ್ಸ್‌ಜೆಡ್ ಎಂಬುದು ಬಿಜಿಪ್2ರಂತೆಯೇ ಕಡತಗಳನ್ನು ಕಿರಿದುಮಾಡುವ ಮುಕ್ತ ತಂತ್ರಾಂಶ. ಫಿನ್ಲೆಂಡಿನ ಲಾಸ್ಸೆ ಕಾಲಿನ್ ಅದನ್ನು ಬಹುಕಾಲ ಏಕಾಂಗಿಯಾಗಿ ಸಾಕಿಕೊಂಡು ಬಂದಿದ್ದನು. ಸಂಬಳವಿಲ್ಲದ, ಬಿಡುವಿನ ವೇಳೆಯ ಕೆಲಸ. 2021ರ ಕೊನೆಯ ಭಾಗದಿಂದ ಜಿಯಾ ಟಾನ್ ಎಂಬ ಹೆಸರಿನಲ್ಲಿ ಒಬ್ಬರು ಅದಕ್ಕೆ ತಿದ್ದುಪಡಿಗಳನ್ನು ಕಳುಹಿಸತೊಡಗಿದರು. ಕೆಲಸ ನಿಧಾನವಾಗುತ್ತಿದೆ, ಬೇರೊಬ್ಬರಿಗೆ ಹೊಣೆಯನ್ನು ವಹಿಸಬಾರದೆ ಎಂದು 2022ರಲ್ಲಿ ಇನ್ನು ಕೆಲವು ಅಪರಿಚಿತ ಹೆಸರುಗಳಿಂದ ಕಾಲಿನ್ ಮೇಲೆ ಒತ್ತಡ ಬಂದಿತು. ದಣಿದಿದ್ದ ಮನುಷ್ಯನು ಸಹಾಯಕ್ಕೆ ಬಂದ ಕೈಯನ್ನು ಹಿಡಿದದ್ದರಲ್ಲಿ ತಪ್ಪೇನಿದೆ? ಕ್ರಮೇಣ ಜಿಯಾ ಟಾನ್ ಎಂಬ ಹೆಸರಿಗೆ ಹೊಸ ಆವೃತ್ತಿಗಳನ್ನು ಹೊರಡಿಸುವ ಅಧಿಕಾರವೂ ಬಂದಿತು. 2024ರ ಫೆಬ್ರವರಿಯಲ್ಲಿ 5.6.0, ಮಾರ್ಚಿಯಲ್ಲಿ 5.6.1 ಎಂಬ ಆವೃತ್ತಿಗಳು ಹೊರಬಂದುವು. ಅವುಗಳೊಳಗೆ ಒಂದು ಗುಪ್ತದ್ವಾರವಿತ್ತು.

ಅದನ್ನು ಬಚ್ಚಿಟ್ಟ ರೀತಿಯನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ನಮ್ಮ ಪ್ರಶ್ನೆಯ ಮರ್ಮ ಅಲ್ಲಿದೆ. ಸಂಕೋಚನ ತಂತ್ರಾಂಶಕ್ಕೆ ಪರೀಕ್ಷಾ ಕಡತಗಳು ಅನಿವಾರ್ಯ; ಸರಿಯಾದ ಕಡತಗಳನ್ನು ಬಿಡಿಸಬಲ್ಲದೆ, ಕೆಟ್ಟ ಕಡತಗಳನ್ನು ಗುರುತಿಸಿ ನಿರಾಕರಿಸಬಲ್ಲದೆ ಎಂದು ನೋಡುವುದಕ್ಕಾಗಿ ಬೇಕೆಂದೇ ಕೆಡಿಸಿದ ಮಾದರಿಗಳನ್ನೂ ಇಟ್ಟಿರುತ್ತಾರೆ. ಅವು ಸಂಕುಚಿತವಾದ ಅಂಕೆಗಳ ರಾಶಿಗಳು. ಮನುಷ್ಯರು ಓದುವಂಥವಲ್ಲ, ಓದುವರೆಂದು ಯಾರೂ ನಿರೀಕ್ಷಿಸುವುದೂ ಇಲ್ಲ. ವಂಚಕನು ತನ್ನ ವಿಷವನ್ನು ಇಟ್ಟದ್ದು ಅಂತಹ ಎರಡು ಪರೀಕ್ಷಾ ಕಡತಗಳಲ್ಲಿ. ಅದನ್ನು ಹೊರತೆಗೆದು ತಂತ್ರಾಂಶಕ್ಕೆ ಬೆಸೆಯುವ ಆಜ್ಞೆಗಳಿದ್ದುದು ಕಟ್ಟುವ ಕಾರ್ಯಕ್ಕೆ ನೆರವಾಗುವ ಒಂದು ಸ್ಕ್ರಿಪ್ಟಿನಲ್ಲಿ. ಆ ಸ್ಕ್ರಿಪ್ಟು ಎಲ್ಲರೂ ನೋಡುವ ಗಿಟ್ ಭಂಡಾರದಲ್ಲಿ ಇರಲಿಲ್ಲ, ಕಟ್ಟುವವರು ಇಳಿಸಿಕೊಳ್ಳುವ ಟಾರ್‌ಬಾಲ್ ಗಂಟಿನಲ್ಲಿ ಮಾತ್ರ ಇತ್ತು. ಅದೂ ಎಲ್ಲ ಕಡೆಯಲ್ಲಿ ಎಚ್ಚರಗೊಳ್ಳುತ್ತಿರಲಿಲ್ಲ. ಲಿನಕ್ಸ್ ವಿತರಣೆಗಳಿಗಾಗಿ ಡೆಬ್ ಅಥವಾ ಆರ್‌ಪಿಎಂ ಪೊಟ್ಟಣವನ್ನು ಕಟ್ಟುವ ಹೊತ್ತಿನಲ್ಲಿ ಮಾತ್ರ ತನ್ನ ಕೆಲಸಕ್ಕೆ ತೊಡಗುತ್ತಿತ್ತು. ಓದುವವರು ಓದುತ್ತಿದ್ದ ಜಾಗದಲ್ಲಿ ಬೆಳಕಿತ್ತು. ವಂಚನೆ ಇದ್ದುದು ಬೆಳಕಿಲ್ಲದ ಮೂಲೆಗಳಲ್ಲಿ. ಭಂಡಾರವನ್ನು ನೋಡಿ ಏನೂ ಕಾಣಲಿಲ್ಲವೆಂದವನು ಸುಳ್ಳು ಹೇಳಲಿಲ್ಲ; ಆದರೆ ಅವನ ಕಾಣದಿರುವಿಕೆ ಯೋಗ್ಯವಾದದ್ದಾಗಿರಲಿಲ್ಲ. ಎಲ್ಲಕ್ಕಿಂತ ನನ್ನ ಮನಸ್ಸನ್ನು ಕಲಕಿದ ಸಂಗತಿಯೆಂದರೆ, ಸತ್ಯವನ್ನು ಪರೀಕ್ಷಿಸಲೆಂದು ಇಟ್ಟ ವಸ್ತುವೇ ಅಸತ್ಯಕ್ಕೆ ಮನೆಯಾದದ್ದು.

ಆ ಗುಪ್ತದ್ವಾರದ ಗುರಿ ಸಂಕೋಚನವಲ್ಲ, ದೂರದಿಂದ ಯಂತ್ರಗಳಿಗೆ ಪ್ರವೇಶ ಕೊಡುವ ಎಸ್‌ಎಸ್‌ಎಚ್ ಸೇವೆ. ಕೆಲವು ವಿತರಣೆಗಳಲ್ಲಿ ಆ ಸೇವೆ ಮತ್ತೊಂದು ಲೈಬ್ರರಿಯ ಮೂಲಕ ಎಕ್ಸ್‌ಜೆಡ್‌ನ ಲೈಬ್ರರಿಯನ್ನು ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಡೆಬಿಯನ್ ಮತ್ತು ಫೆಡೋರಾದ ಪ್ರಾಯೋಗಿಕ ಆವೃತ್ತಿಗಳಿಗೆ ವಿಷ ತಲಪಿತ್ತು. ಸ್ಥಿರ ಆವೃತ್ತಿಗಳನ್ನು ಮುಟ್ಟುವ ಮೊದಲೇ ಆಂಡ್ರೆಸ್ ಫ್ರಾಯಂಡ್ ಎಂಬ ತಂತ್ರಜ್ಞನು ಅದನ್ನು 2024ರ ಮಾರ್ಚಿ 29ರಂದು ಬಯಲಿಗೆಳೆದನು. ಅವನು ಗುಪ್ತದ್ವಾರವನ್ನು ಹುಡುಕಲು ಹೊರಟವನಲ್ಲ. ಪೋಸ್ಟ್‌ಗ್ರೆಸ್ ದತ್ತಸಂಚಯದ ವೇಗವನ್ನು ಅಳೆಯುವ ಕೆಲಸದಲ್ಲಿದ್ದನು. ಯಂತ್ರದೊಳಕ್ಕೆ ಪ್ರವೇಶಿಸಲು ಸುಮಾರು ಅರ್ಧ ಸೆಕೆಂಡು ಹೆಚ್ಚಾಗಿ ಹಿಡಿಯುತ್ತಿದೆಯೆಂಬುದನ್ನು ಗಮನಿಸಿದನು. ಕೆಲವು ವಾರಗಳ ಹಿಂದೆ ವಾಲ್‌ಗ್ರಿಂಡ್ ಎಂಬ ಪರೀಕ್ಷಾಸಾಧನ ತೋರಿಸಿದ್ದ ವಿಚಿತ್ರವಾದ ದೂರೊಂದು ನೆನಪಿಗೆ ಬಂದಿತು. ಎರಡನ್ನೂ ಜೋಡಿಸಿ ಬೆನ್ನುಹತ್ತಿದನು. ಆ ವಾಲ್‌ಗ್ರಿಂಡ್ ಮೊದಲಾಗಿ ಯಾರ ರಚನೆಯೆಂದರೆ, ಬಿಜಿಪ್2ನ್ನು ರಚಿಸಿದ ಅದೇ ಜೂಲಿಯನ್ ಸೀವರ್ಡನದು.

ಲಕ್ಷಾಂತರ ಮಂದಿಗೆ ಓದುವ ಹಕ್ಕಿತ್ತು. ಆ ಹಕ್ಕಿನಿಂದಲೇ ವಂಚನೆ ಹೊರಬೀಳಲಿಲ್ಲ. ಒಬ್ಬನು ಅರ್ಧ ಸೆಕೆಂಡನ್ನು ಅಲಕ್ಷಿಸದೆ ಇದ್ದುದರಿಂದ ಹೊರಬಿದ್ದಿತು. ಹಾಗೆ ಬೆನ್ನುಹತ್ತಿದವನಿಗೆ ಕೊನೆಯ ಪದರದವರೆಗೆ ಬಾಗಿಲುಗಳು ತೆರೆದಿದ್ದುದರಿಂದ ನಿಶ್ಚಯವಾಯಿತು. ಬಾಧಕವಿಲ್ಲದಿದ್ದರೆ ಜ್ಞಾನವನ್ನು ನಂಬು ಎನ್ನುವ ಮೀಮಾಂಸಕನ ಮಾತಿಗೆ ನಾನು ಸೇರಿಸಬಯಸುವುದು ಇಷ್ಟನ್ನೇ: ಬಾಧಕ ಇದ್ದರೆ ಗಮನಿಸಬಲ್ಲವನೊಬ್ಬನು ಅಲ್ಲಿ ಎಚ್ಚರವಾಗಿ ಕುಳಿತಿದ್ದರೆ ಮಾತ್ರ ಬಾಧಕದ ಅಭಾವಕ್ಕೆ ಬೆಲೆಯುಂಟು. ಓದತಕ್ಕವರು ಇಲ್ಲದೆ ತೆರೆದಿಟ್ಟ ಪುಸ್ತಕವೂ ಮುಚ್ಚಿಟ್ಟ ಪುಸ್ತಕವೂ ಪ್ರಾಮಾಣ್ಯದ ವಿಚಾರದಲ್ಲಿ ಸಮಾನ. ಮುಕ್ತತೆಯು ಕಾಣದಿರುವಿಕೆಗೆ ಯೋಗ್ಯತೆಯನ್ನು ಸಾಧ್ಯವಾಗಿಸುತ್ತದೆ, ಕೊಡುವುದಿಲ್ಲ. ಅದನ್ನು ಕೊಡುವುದು ಮನುಷ್ಯನ ಗಮನ.

ಆಪ್ತವಾಕ್ಯವನ್ನು ನಂಬಿದರೆ ಸಾಲದೆ ಎಂದು ಯಾರಾದರೂ ಕೇಳಬಹುದು. ವಿಷಯವನ್ನು ಸಾಕ್ಷಾತ್ತಾಗಿ ಬಲ್ಲವನೂ, ಬಲ್ಲಂತೆಯೇ ಹೇಳಬೇಕೆಂಬ ಇಚ್ಛೆಯುಳ್ಳವನೂ ಆಪ್ತನು. ಋಷಿಗಾಗಲಿ ಆರ್ಯನಿಗಾಗಲಿ ಮ್ಲೇಚ್ಛನಿಗಾಗಲಿ ಲಕ್ಷಣ ಇದೊಂದೇ ಎಂದು ವಾತ್ಸ್ಯಾಯನನು ಹೇಳಿರುವುದು ನಮ್ಮ ಪರಂಪರೆಯ ಅತ್ಯಂತ ಉದಾರವಾದ ವಿಚಾರಗಳಲ್ಲಿ ಒಂದು. ಮುಖವನ್ನೇ ಕಾಣದೆ ಜಗತ್ತಿನ ಮೂಲೆಮೂಲೆಗಳಿಂದ ಸೇರಿ ದುಡಿಯುವ ಮುಕ್ತ ತಂತ್ರಾಂಶದವರಿಗೆ ಇದಕ್ಕಿಂತ ತಕ್ಕ ಲಕ್ಷಣ ಬೇರೆಯಿಲ್ಲ. ಆದರೆ ಜಿಯಾ ಟಾನ್ ಎಂಬ ಹೆಸರಿನ ಹಿಂದಿದ್ದವರಲ್ಲಿ ಮೊದಲನೆಯ ಅಂಶವಾದ ಜ್ಞಾನ ಪರಿಪೂರ್ಣವಾಗಿತ್ತು, ಎರಡನೆಯದರ ವೇಷವೂ ವರ್ಷಗಟ್ಟಲೆ ಚೆನ್ನಾಗಿ ನಿಂತಿತ್ತು. ವಿಷವಿದ್ದ ಟಾರ್‌ಬಾಲ್‌ಗಳ ಮೇಲೆ ಕ್ರಮಬದ್ಧವಾದ ಡಿಜಿಟಲ್ ಸಹಿಯೂ ಇತ್ತು. ಸಹಿಯನ್ನೂ ಚೆಕ್‌ಸಮ್ಮನ್ನೂ ತಾಳೆ ನೋಡಬಾರದೆಂದು ನಾನು ಹೇಳುತ್ತಿಲ್ಲ, ಅವಶ್ಯವಾಗಿ ನೋಡತಕ್ಕದ್ದು. ದಾರಿಯಲ್ಲಿ ಯಾರೂ ಕಡತವನ್ನು ಬದಲಾಯಿಸಿಲ್ಲವೆಂಬುದನ್ನು ಅವು ತಿಳಿಸುತ್ತವೆ. ಈ ಮಾತನ್ನು ಆಡಿದವನು ಇವನೇ ಎಂದು ಸಹಿ ಹೇಳಬಲ್ಲದು. ಇವನು ಆಪ್ತನೆಂದು ಹೇಳಲಾರದು. ಭಂಡಾರದಲ್ಲಿರುವುದೂ ಗಂಟಿನಲ್ಲಿರುವುದೂ ಒಂದೇ ಎಂದು ಹೋಲಿಸುವುದು, ಒಂದೇ ಸೋರ್ಸಿನಿಂದ ಬೇರೆ ಬೇರೆ ಯಂತ್ರಗಳಲ್ಲಿ ಕಟ್ಟಿದ ಫಲಗಳು ಬೈಟಿಗೆ ಬೈಟು ಒಂದೇ ಆಗುವಂತೆ ಮಾಡುವುದು, ಪರೀಕ್ಷಾ ಕಡತಗಳನ್ನು ಓದಬಲ್ಲ ಸ್ಕ್ರಿಪ್ಟುಗಳಿಂದಲೇ ಆಗಿಂದಾಗ ಹುಟ್ಟಿಸುವುದು, ಇವೆಲ್ಲ ಕತ್ತಲೆಯ ಮೂಲೆಗಳನ್ನು ಕಡಮೆಮಾಡುವ ಉಪಾಯಗಳು.

ಬಿಡಿಸುವ ತಂತ್ರಾಂಶ ಸಾಧುವಾಗಿದ್ದರೂ ಬಿಡಿಸಲು ಬಂದ ಕಡತ ಸಾಧುವಾಗಿರಬೇಕೆಂಬ ನಿಯಮವಿಲ್ಲ. 42 ಕಿಲೋಬೈಟ್ ಗಾತ್ರದ ಪ್ರಸಿದ್ಧವಾದ ಒಂದು ಜಿಪ್ ಕಡತವಿದೆ. ಅದರ ಒಳಪದರಗಳನ್ನೆಲ್ಲ ಬಿಡಿಸುತ್ತ ಹೋದರೆ ಸುಮಾರು 4.5 ಪೆಟಾಬೈಟ್ ಆಗಿ ಯಾವ ಯಂತ್ರವನ್ನಾದರೂ ಉಸಿರುಕಟ್ಟಿಸುತ್ತದೆ. ಗೊತ್ತಿಲ್ಲದವರು ಕಳುಹಿಸಿದ ಕಡತವನ್ನು ಬೇರೆಯಾದ ಜಾಗದಲ್ಲಿ, ಗಾತ್ರಕ್ಕೆ ಮಿತಿ ಹಾಕಿ, ಅಲ್ಪಾಧಿಕಾರದಿಂದ ಬಿಡಿಸುವುದು ಅಪನಂಬಿಕೆಯ ಲಕ್ಷಣವಲ್ಲ, ಅದೂ ಗಮನದ ಒಂದು ರೂಪವೇ.

ಈ ಗಮನವೆಂಬುದು ಯಾರಿಂದ ಬರಬೇಕು? ಮನುಷ್ಯನು ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣಗಳನ್ನು ಹೊತ್ತು ಹುಟ್ಟುತ್ತಾನೆಂದೂ, ಅವುಗಳಲ್ಲಿ ಋಷಿಋಣವು ತೀರುವುದು ಅಧ್ಯಯನದಿಂದೆಂದೂ ನಮ್ಮ ಹಿರಿಯರ ಭಾವನೆ. ಹಣದಿಂದಾಗಲಿ ಸ್ತೋತ್ರದಿಂದಾಗಲಿ ಅಲ್ಲ, ಅವರು ಬಿಟ್ಟುಹೋದುದನ್ನು ಓದುವುದರಿಂದ. ಮುಕ್ತ ತಂತ್ರಾಂಶದ ಬಳಕೆದಾರರಾದ ನಮ್ಮ ಸ್ಥಿತಿಗೆ ಈ ಭಾವನೆ ಅಕ್ಷರಶಃ ಅನ್ವಯಿಸುತ್ತದೆಂದು ನಾನು ನಂಬಿದ್ದೇನೆ. ಕಾಲಿನ್ ಒಬ್ಬನೇ ದಣಿಯುತ್ತಿದ್ದ ಕಾಲದಲ್ಲಿ ಅವನ ತಂತ್ರಾಂಶವನ್ನು ತಮ್ಮ ವ್ಯವಸ್ಥೆಯ ಬುನಾದಿಯಲ್ಲಿ ಇಟ್ಟುಕೊಂಡಿದ್ದವರು ಅಸಂಖ್ಯರು. ಜೊತೆಗೆ ಕುಳಿತು ಓದಿದವರು ವಿರಳ. ಆ ಖಾಲಿ ಜಾಗಕ್ಕೆ ವಂಚಕನು ಬಂದು ಕುಳಿತನು. ಪ್ರತಿಯೊಬ್ಬನೂ ಪ್ರತಿಯೊಂದನ್ನೂ ಓದಲಾರನೆಂಬುದು ಸತ್ಯ. ವೇದಾಧ್ಯಯನದಲ್ಲಿಯೂ ಪ್ರತಿಯೊಬ್ಬನಿಗೆ ತನ್ನ ಶಾಖೆಯೊಂದೇ ವಿಹಿತವಾಗಿತ್ತು. ಓದಬಲ್ಲವನು ತಾನು ನಿತ್ಯ ಬಳಸುವ ತಂತ್ರಾಂಶಗಳಲ್ಲಿ ಒಂದರ ಒಂದು ಭಾಗವನ್ನಾದರೂ ತನ್ನ ಶಾಖೆಯೆಂದು ಎತ್ತಿಕೊಂಡರೆ, ಓದಲಾರದವನು ಓದುವವನ ಅನ್ನಕ್ಕೂ ಬಿಡುವಿಗೂ ಆಸರೆಯಾದರೆ, ಅಷ್ಟರಮಟ್ಟಿಗೆ ಬೆಳಕಿನ ಪ್ರದೇಶ ಹಿಗ್ಗುತ್ತದೆ. ಕಾಲಿನ್ ಆ ಆಘಾತದ ನಂತರವೂ ಕೆಲಸವನ್ನು ಬಿಡದೆ, 2024ರ ಮೇ 29ರಂದು ಗುಪ್ತದ್ವಾರವನ್ನು ತೆಗೆದುಹಾಕಿದ 5.6.2 ಆವೃತ್ತಿಯನ್ನು ಹೊರಡಿಸಿದನು.

ಓದುವವರು ಬಂದಾಗ ಏನಾಗುತ್ತದೆಂಬುದಕ್ಕೆ ಬಿಜಿಪ್2ರ ಚರಿತ್ರೆಯಲ್ಲಿಯೇ ನಿದರ್ಶನವಿದೆ. 2010ರಲ್ಲಿ 1.0.6 ಆವೃತ್ತಿ ಹೊರಬಂದ ಮೇಲೆ ಸುಮಾರು ಒಂಬತ್ತು ವರ್ಷ ಹೊಸ ಆವೃತ್ತಿ ಬರಲಿಲ್ಲ. 2019ರಲ್ಲಿ ಬೇರೆಯವರು ಹೊಣೆಯನ್ನು ವಹಿಸಿಕೊಂಡು ಓದತೊಡಗಿದಾಗ, ಬಿಡಿಸುವ ಭಾಗದಲ್ಲಿ ಹಳೆಯ ದೋಷವೊಂದನ್ನು ಸರಿಪಡಿಸಬೇಕಾಗಿ ಬಂದಿತು. ಕಡತದೊಳಗಿನ ಒಂದು ಬಗೆಯ ಸೂಚಕಗಳಿಗೆ ತಂತ್ರಾಂಶ ಕಾದಿರಿಸಿದ್ದ ಸ್ಥಳ 18002. ದುರುದ್ದೇಶದಿಂದ ರಚಿಸಿದ ಕಡತವೊಂದು ಅದಕ್ಕಿಂತ ಹೆಚ್ಚು ಸೂಚಕಗಳಿವೆಯೆಂದು ಹೇಳಿಕೊಂಡರೆ ಬರಹವು ತನ್ನ ಮೇರೆಯನ್ನು ದಾಟಿ ಪಕ್ಕದ ಮೆಮೊರಿಯ ಮೇಲೆ ಬೀಳುತ್ತಿತ್ತು. ಜೂನ್ ಕೊನೆಯಲ್ಲಿ ಬಂದ 1.0.7 ಆವೃತ್ತಿ ಅಂತಹ ಕಡತಗಳನ್ನೆಲ್ಲ ನಿರಾಕರಿಸಿತು. ಆಗ ಮತ್ತೊಂದು ಸಂಗತಿ ತಿಳಿಯಿತು: ಬೇರೆ ಕೆಲವು ಸಂಕೋಚನ ತಂತ್ರಾಂಶಗಳು ಯಾವ ದುರುದ್ದೇಶವೂ ಇಲ್ಲದೆ ಮಿತಿಗಿಂತ ಹೆಚ್ಚು ಸೂಚಕಗಳನ್ನು ಬರೆದಿದ್ದುವು, ಅವುಗಳಿಂದ ಕಟ್ಟಿದ ಕಡತಗಳು ಜನರ ಬಳಿ ಇದ್ದುವು, ಹೊಸ ಆವೃತ್ತಿ ಅವುಗಳನ್ನೂ ಬಾಗಿಲಲ್ಲೇ ತಡೆಯುತ್ತಿತ್ತು. ಜುಲೈ 13ರಂದು ಹೊರಬಂದ 1.0.8 ಆವೃತ್ತಿಯು ಹೆಚ್ಚಾದ ಸೂಚಕಗಳನ್ನು ಓದಿ, ಎಲ್ಲಿಯೂ ಬರೆಯದೆ ಬಿಟ್ಟುಬಿಟ್ಟು, ಕಡತದ ಉಳಿದ ಭಾಗವನ್ನು ಒಡೆಯನಿಗೆ ಒಪ್ಪಿಸುತ್ತದೆ.